ಸೈಕಲ್ ತುಳಿಯುವ ಮಾವ ಹೊಸ್ತಿಲಲ್ಲಿ ನಿಲ್ಲುವುದೇಕೆ?

ಪ್ರಶ್ನೆ

ಅಕ್ಕಾರೆ, ನಮ್ಮೂರು ಕುರುಗೋಡು. ನಮ್ಮ ಮಾವನವರಿಗೆ 66 ವರ್ಷ. ಕಾಲುವೆ ನೀರಿನ ಹೊಲ ಇದೆ, ಭತ್ತ, ಮೆಣಸಿನಕಾಯಿ ಹಾಕುತ್ತೇವೆ. ಹರೆಯದಲ್ಲಿ ಕೆಲವು ವರ್ಷ ಅವರು ಸಂಡೂರಿನ ಕಡೆ ಮ್ಯಾಂಗನೀಸ್ ಗಣಿಯಲ್ಲೂ ದುಡಿದಿದ್ದಾರೆ. ಮೂರು ವರ್ಷದ ಹಿಂದೆ ಬಲಗೈ ಬೆರಳು ನಡುಗಲು ಶುರುವಾಯಿತು. ಲಕ್ವ ಇರಬೇಕು ಅಂತ ಊರಲ್ಲೇ ಎಣ್ಣೆ ತಿಕ್ಕಿಸಿ, ನಾಟಿ ಪುಡಿ ಕೊಡಿಸಿದೆವು. ಆಮೇಲೆ ಬಳ್ಳಾರಿಯ ಡಾಕ್ಟರು ನೋಡಿ ಪಾರ್ಕಿನ್ಸನ್ ಎಂದು ಹೇಳಿ ದಿನಕ್ಕೆ ಮೂರು ಹೊತ್ತಿನ ಮಾತ್ರೆ ಬರೆದರು. ನಡುಕ ಎಷ್ಟೋ ಕಡಿಮೆಯಾಗಿದೆ.

ಈಗ ನಡಿಗೆಯೇ ತೊಂದರೆ. ಪಡಸಾಲೆಯಿಂದ ಹೊರಗೆ ಬರುವಾಗ ಹೊಸ್ತಿಲ ಹತ್ತಿರ ನಿಂತುಬಿಡುತ್ತಾರೆ. ಮೈ ಮುಂದಕ್ಕೆ ಬಾಗಿರುತ್ತದೆ, ಕಾಲು ಮಾತ್ರ ಏಳುವುದಿಲ್ಲ. ಕೇಳಿದರೆ "ಕಾಲು ನೆಲಕ್ಕೆ ಅಂಟೇತವ್ವ" ಅನ್ನುತ್ತಾರೆ. ಆದರೆ ಅದೇ ಮನುಷ್ಯ ಸೈಕಲ್ ಹತ್ತಿ ಹೊಲಕ್ಕೆ ಹೋಗುತ್ತಾರೆ! ಮೆಟ್ಟಿಲು ಹತ್ತುತ್ತಾರೆ, ಗದ್ದೆಯ ಬದು ದಾಟುತ್ತಾರೆ. ಅದಕ್ಕೇ ನಮ್ಮ ಯಜಮಾನರು "ಬೇಕಂತಲೇ ಮಾಡ್ತಾರ, ನಾಟಕ" ಎಂದು ರೇಗಿ ಕೈ ಹಿಡಿದು ಎಳೆಯುತ್ತಾರೆ. ಹೋದ ವಾರ ಹಾಗೆ ಎಳೆದಾಗ ಮಾವ ಮುಗ್ಗರಿಸಿ ಬಿದ್ದರು. ಮುಖ ಯಾವಾಗಲೂ ಗಂಟು ಹಾಕಿಕೊಂಡೇ ಇರುತ್ತಾರೆ, ನನ್ನ ಮೇಲೆ ಸಿಟ್ಟೋ ಏನೋ. ಹೊಸ್ತಿಲು ತೆಗೆಸೋಣ ಎಂದರೆ ಅತ್ತೆ ಒಪ್ಪುತ್ತಿಲ್ಲ. ಇದು ನಾಟಕವೋ, ರೋಗವೋ? ನಾನು ಏನು ಮಾಡಲಿ?

– ಹೆಸರು ಬೇಡ, ಕುರುಗೋಡು

ಉತ್ತರ

ತಂಗಿ, ಮೊದಲು ನಿಮ್ಮ ಯಜಮಾನರಿಗೆ ಉತ್ತರ ಕೊಡುತ್ತೇನೆ. ನಾಟಕವಲ್ಲ. ಸೈಕಲ್ ತುಳಿಯುವವರು ಹೊಸ್ತಿಲು ದಾಟಲಾರದೆ ನಿಲ್ಲುವುದು ಈ ರೋಗದ ಲಕ್ಷಣವೇ.

ನೆದರ್‌ಲೆಂಡ್ಸ್‌ನಲ್ಲಿ ಬಾಸ್ಟಿಯಾನ್ ಬ್ಲೂಮ್ ಎಂಬ ನರರೋಗ ತಜ್ಞರಿದ್ದಾರೆ. 58 ವರ್ಷದ ಒಬ್ಬ ರೋಗಿಯ ಕಥೆಯನ್ನು ಅವರು 2010ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯ ಪತ್ರಿಕೆಯಲ್ಲಿ ಬರೆದರು. ಆತನಿಗೆ ಪಾರ್ಕಿನ್ಸನ್ ಬಂದು ಹತ್ತು ವರ್ಷವಾಗಿತ್ತು. ನಿಲ್ಲಿಸಿದರೆ ಕಾಲು ಏಳದು, ಹಿಡಿದು ನಡೆಸಿದರೂ ನಾಲ್ಕು ಹೆಜ್ಜೆಗೆ ಮುಗ್ಗರಿಸುವನು. ಸೈಕಲ್ ಕೊಟ್ಟರೆ ಮಾತ್ರ ಸಲೀಸಾಗಿ ತುಳಿದು, ತಿರುಗಿಸಿಕೊಂಡು ಬಂದ. ಇಳಿದ ಕೂಡಲೇ ಮತ್ತೆ ಕಾಲು ಅಂಟಿತು. ಡಾಕ್ಟರುಗಳೇ ಬೆರಗಾಗಿ ವಿಡಿಯೊ ಮಾಡಿ ಜಗತ್ತಿಗೆ ತೋರಿಸಿದ ಸಂಗತಿ ಅದು. ನಿಮ್ಮ ಪಡಸಾಲೆಯಲ್ಲಿ ನಡೆಯುತ್ತಿರುವುದೂ ಅದೇ.

ಯಾಕೆ ಹೀಗೆ? ನಾವು ನಡೆಯುವಾಗ ಹೆಜ್ಜೆ ಎಷ್ಟು ಉದ್ದ ಇಡಬೇಕು, ಯಾವ ಕೈ ಬೀಸಬೇಕು ಎಂದು ಯೋಚಿಸುವುದಿಲ್ಲ. ರೂಢಿಯಾದ ಚಲನೆಯನ್ನು ತಾನೇ ನಡೆಸಿಕೊಂಡು ಹೋಗುವ ಏರ್ಪಾಡು ಮಿದುಳಿನ ಆಳದಲ್ಲಿದೆ. ಅದಕ್ಕೆ ಡೋಪಮಿನ್ ಎಂಬ ರಾಸಾಯನಿಕ ಬೇಕು. ಪಾರ್ಕಿನ್ಸನ್‌ನಲ್ಲಿ ಡೋಪಮಿನ್ ತಯಾರಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ನಡುಗಿ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಹೋಗಿರುತ್ತವೆ ಎಂಬುದು ವೈದ್ಯರ ಅಂದಾಜು. ಆಗ ತಾನಾಗಿ ಆಗುತ್ತಿದ್ದ ನಡಿಗೆ ತಾನಾಗಿ ಆಗುವುದಿಲ್ಲ. ಒಂದು ಕಡೆಯ ಕೈ ಬೀಸುವುದು ನಿಲ್ಲುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಚಪ್ಪಲಿ ನೆಲಕ್ಕೆ ಉಜ್ಜುತ್ತದೆ, ಬೆನ್ನು ಬಾಗುತ್ತದೆ. ಕೆಲವರು ಮುಂದಕ್ಕೆ ವಾಲಿ ಸಣ್ಣ ಸಣ್ಣ ಹೆಜ್ಜೆಯಲ್ಲಿ ಓಡತೊಡಗುತ್ತಾರೆ, ನಿಲ್ಲಿಸಿಕೊಳ್ಳಲು ಆಗುವುದಿಲ್ಲ. ಲಂಡನ್ನಿನ ಡಾಕ್ಟರ್ ಜೇಮ್ಸ್ ಪಾರ್ಕಿನ್ಸನ್ 1817ರಲ್ಲೇ ಈ ಓಟವನ್ನು ಬರೆದಿಟ್ಟಿದ್ದರು. ಅವರು ಆಧಾರ ಮಾಡಿಕೊಂಡದ್ದು ಆರೇ ಆರು ಜನರನ್ನು, ಅದರಲ್ಲೂ ಕೆಲವರನ್ನು ಬೀದಿಯಲ್ಲಿ ಹೋಗುವಾಗ ನೋಡಿದ್ದಷ್ಟೆ. ನಡಿಗೆ ನೋಡಿಯೇ ಗುರುತು ಹಿಡಿಯಬಹುದಾದ ರೋಗ ಇದು.

ಈಗ ಗದ್ದೆಯ ಬದು ನೆನಪಿಸಿಕೊಳ್ಳಿ. ಅಲ್ಲಿ ಪ್ರತಿ ಹೆಜ್ಜೆಗೂ ಕಣ್ಣಿಗೊಂದು ಗುರುತಿದೆ. ಇಲ್ಲಿ ಕಾಲಿಡಬೇಕು, ಇದನ್ನು ದಾಟಬೇಕು ಎಂದು ಕಣ್ಣು ಹೇಳುತ್ತದೆ, ಮನಸ್ಸು ಇಟ್ಟು ಕಾಲೆತ್ತುತ್ತಾರೆ. ಮೆಟ್ಟಿಲೂ ಅಷ್ಟೇ. ರೂಢಿಯ ದಾರಿ ಕೆಟ್ಟಿದ್ದರೂ ಕಣ್ಣಿನ ಮೂಲಕ ಹೋಗುವ ಈ ದಾರಿ ಉಳಿದಿರುತ್ತದೆ. ಸೈಕಲ್ಲಿನಲ್ಲಿ ಒಂದು ಪೆಡಲ್ ಕೆಳಗೆ ಹೋದರೆ ಇನ್ನೊಂದು ಕಾಲನ್ನು ಮೇಲೆತ್ತುತ್ತದೆ, ತಾಳ ತಪ್ಪುವುದಿಲ್ಲ. ಅದೇ ಕಾರಣ ಇರಬಹುದು ಎಂದು ಬ್ಲೂಮ್ ಕೂಡ ಊಹಿಸಿದ್ದಾರೆ. ಪಡಸಾಲೆಯ ನುಣುಪು ನೆಲದಲ್ಲಿ ಗುರುತೂ ಇಲ್ಲ, ತಾಳವೂ ಇಲ್ಲ. ಬಾಗಿಲು ಬಂದಾಗ ಜಾಗ ಕಿರಿದಾಗುತ್ತದೆ, ಹೆಜ್ಜೆ ಬದಲಿಸಬೇಕು, ಅಲ್ಲಿ ಕಾಲು ಅಂಟುತ್ತದೆ. ನಡೆಯಲು ಶುರುಮಾಡುವಾಗ, ತಿರುಗುವಾಗ, ಕುರ್ಚಿಗೆ ಇನ್ನೊಂದೇ ಹೆಜ್ಜೆ ಇದೆ ಎನ್ನುವಾಗ, ದೊಡ್ಡಬಸವೇಶ್ವರ ಜಾತ್ರೆಯಂಥ ಗದ್ದಲದಲ್ಲಿ, ಬಸ್ಸು ಹೊರಡುತ್ತದೆ ಎಂದು ಗಡಿಬಿಡಿಯಾದಾಗಲೂ ಹೀಗೆಯೇ. ಕಾಲಿನ ಶಕ್ತಿ ಹೋಗಿಲ್ಲ. ಹಾಗಾಗಿ ಇದು ಲಕ್ವವಲ್ಲ, ಲಕ್ವದ ಮದ್ದು ನಾಟುವುದೂ ಇಲ್ಲ.

ಎಳೆಯುವುದನ್ನು ಇವತ್ತೇ ನಿಲ್ಲಿಸಿ. ಕಾಲು ಅಂಟಿದ್ದಾಗ ಕೈ ಎಳೆದರೆ ಮೈ ಮಾತ್ರ ಮುಂದೆ ಹೋಗುತ್ತದೆ, ಪಾದ ಹಿಂದೆ ಉಳಿಯುತ್ತದೆ. ಬೀಳದೆ ಇನ್ನೇನಾಗುತ್ತದೆ? "ಬೇಗ, ಬೇಗ" ಎನ್ನುವುದೂ ಎಳೆದಷ್ಟೇ ಕೆಟ್ಟದ್ದು. ಅವಸರವಾದಷ್ಟೂ ಕಾಲು ಇನ್ನಷ್ಟು ಕಚ್ಚಿಕೊಳ್ಳುತ್ತದೆ.

ಅದರ ಬದಲು ಹೀಗೆ ಮಾಡಿ. ಅವರು ಹೊಸ್ತಿಲಲ್ಲಿ ನಿಂತಾಗ ಪಕ್ಕದಲ್ಲಿ ನಿಲ್ಲಿ. ಎದುರಿಗೆ ನಿಂತು ದಾರಿ ಕಟ್ಟಬೇಡಿ. "ಮಾವ, ನಿಲ್ಲ್ರಿ, ನೆಟ್ಟಗಾಗ್ರಿ" ಎನ್ನಿ. ಒಂದು ಉಸಿರು ತೆಗೆದುಕೊಳ್ಳಲಿ. ಹಿಮ್ಮಡಿ ನೆಲಕ್ಕೆ ತಾಗಿರಲಿ, ಯಾಕೆಂದರೆ ಕಾಲು ಅಂಟಿದಾಗ ಅವರು ತುದಿಬೆರಳ ಮೇಲೆ ಮುಂದಕ್ಕೆ ವಾಲಿರುತ್ತಾರೆ. ಆಮೇಲೆ ಮೈಭಾರವನ್ನು ಎಡಗಾಲಿಗೆ, ಬಲಗಾಲಿಗೆ, ಮತ್ತೆ ಎಡಗಾಲಿಗೆ ಹಾಕಲಿ. ಭಾರ ಇಳಿದ ಕಾಲು ಹಗುರಾಗುತ್ತದೆ, ಅದನ್ನೇ ಎತ್ತಿ ದೊಡ್ಡ ಹೆಜ್ಜೆ ಹಾಕಲಿ. ಅದಕ್ಕೂ ಆಗದಿದ್ದರೆ ನಿಮ್ಮ ಪಾದವನ್ನು ಅವರ ಪಾದದ ಮುಂದೆ ಅಡ್ಡ ಇಟ್ಟು "ಇದನ್ನ ದಾಟ್ರಿ" ಎನ್ನಿ. ಮೊದಲ ಸಲ ನೋಡಿದವರಿಗೆ ಇದು ಗಾರುಡಿ ಎನಿಸುತ್ತದೆ. ಅಷ್ಟು ಹೊತ್ತು ಅಲುಗಾಡದ ಕಾಲು ಪಾದ ದಾಟಿ ಹೊರಗೆ ಬರುತ್ತದೆ.

ಅತ್ತೆಯವರ ಮಾತೇ ಉಳಿಯಲಿ, ಹೊಸ್ತಿಲು ತೆಗೆಸುವುದು ಬೇಡ. ಹೊಸ್ತಿಲು ತೆಗೆದರೂ ಬಾಗಿಲು ಬಾಗಿಲೇ, ಅಲ್ಲಿ ನಿಂತೇ ನಿಲ್ಲುತ್ತಾರೆ. ಬದಲಿಗೆ ಹೊಸ್ತಿಲ ಒಳಗೆ ನಾಲ್ಕು, ಹೊರಗೆ ಎರಡು ಅಡ್ಡಗೆರೆ ಹಾಕಿ. ನೆಲದ ಬಣ್ಣಕ್ಕೆ ಎದ್ದು ಕಾಣುವಂಥ ಅಗಲ ಟೇಪು ಸಾಕು. ಗೆರೆಯಿಂದ ಗೆರೆಗೆ ಒಂದೂವರೆ ಅಡಿ ಇರಲಿ. ಅವರ ಎತ್ತರ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಗೆರೆಯ ಮೇಲಲ್ಲ, ಗೆರೆ ದಾಟಿ ಕಾಲಿಡಬೇಕು. ರಂಗೋಲಿ ಪುಡಿಯಲ್ಲಿ ಎಳೆಯಬೇಡಿ, ಜಾರುತ್ತದೆ. ಗೆರೆಗಳಿಗೆ ಕಣ್ಣು ಹೊಂದಿಕೊಂಡು ಗುಣ ಕಡಿಮೆಯಾಗುವುದೂ ಉಂಟು. ಆಗ ತಾಳ ಹಿಡಿಯಿರಿ. "ಒಂದು, ಎರಡು" ಎಂದು ಎಣಿಸಿ, ಇಲ್ಲವೇ ಅವರಿಗೆ ಗೊತ್ತಿರುವ ಭಜನೆಯ ಗತ್ತಿಗೆ ಚಪ್ಪಾಳೆ ತಟ್ಟಿ. ಮೊಬೈಲಿನಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಆ್ಯಪ್‌ಗಳು ಬಿಟ್ಟಿ ಸಿಗುತ್ತವೆ. ನನ್ನ ಕೇಳಿದರೆ ಭಜನೆಯೇ ವಾಸಿ, ಅದಕ್ಕೆ ಚಾರ್ಜ್ ಬೇಕಿಲ್ಲ.

ತಿರುಗುವಾಗ ನಿಂತಲ್ಲೇ ಗಿರಕ್ಕನೆ ತಿರುಗಬಾರದು. ಹೊಲದ ತುದಿಯಲ್ಲಿ ಜೋಡೆತ್ತು ತಿರುಗಿಸುವ ಹಾಗೆ ಅಗಲವಾಗಿ ಸುತ್ತು ಹಾಕಿ ಬರಲಿ. ಹೀಗೆ ಹೇಳಿದರೆ ರೈತರಿಗೆ ತಟ್ಟನೆ ತಿಳಿಯುತ್ತದೆ. ನಡೆಯುವಾಗ ಕೈಯಲ್ಲಿ ಚೊಂಬು, ತಟ್ಟೆ ಬೇಡ. ಮಾತು ಆಡಿಸಬೇಡಿ. ನಡಿಗೆಗೇ ಮನಸ್ಸು ಬೇಕಾದ ಸ್ಥಿತಿ ಅವರದು, ಮಾತಿಗೆ ಮನಸ್ಸು ಹೋದರೆ ಕಾಲು ನಿಲ್ಲುತ್ತದೆ. ಪಂಚೆಯ ಅಂಚು ಕಾಲಿಗೆ ತೊಡರುತ್ತದೆ, ಮನೆಯಲ್ಲಿ ಪೈಜಾಮ ಹಾಕಿಸಿ. ಹವಾಯಿ ಚಪ್ಪಲಿ ತೆಗೆದಿಡಿ, ಹಿಮ್ಮಡಿಗೆ ಪಟ್ಟಿ ಇರುವಂಥದ್ದು ಕೊಡಿಸಿ. ಬಚ್ಚಲ ಕಲ್ಲು ಪಾಚಿ ಕಟ್ಟಿದ್ದರೆ ತಿಕ್ಕಿ ತೊಳೆದು ಗೋಡೆಗೆ ಕಬ್ಬಿಣದ ಹಿಡಿ ಹಾಕಿಸಿ. ರಾತ್ರಿ ದೀಪ ಆರಿಸಬೇಡಿ, ಕತ್ತಲಲ್ಲಿ ಕಣ್ಣಿನ ಸಹಾಯವೂ ತಪ್ಪುತ್ತದೆ.

ಸೈಕಲ್ ಬಿಡಿಸಬೇಕೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತುಳಿಯುವಾಗಲ್ಲ, ಹತ್ತುವಾಗ ಇಳಿಯುವಾಗ ಅವರು ಬೀಳುತ್ತಾರೆ. ಲಾರಿ, ಟ್ರ್ಯಾಕ್ಟರ್ ಓಡಾಡುವ ಬಳ್ಳಾರಿ ರಸ್ತೆಯಲ್ಲಿ ಬೇಡವೇ ಬೇಡ. ಕಾಲುವೆ ದಂಡೆಯ ಮೇಲೂ ಬೇಡ. ಆದರೆ ತುಳಿಯುವ ಆ ಸಾಮರ್ಥ್ಯವನ್ನು ಕಳೆಯಬೇಡಿ. ಹಳೇ ಸೈಕಲ್ಲಿಗೆ ಗಟ್ಟಿ ಸ್ಟ್ಯಾಂಡ್ ಕೂರಿಸಿ ಹಿಂದಿನ ಗಾಲಿ ಮೇಲೇಳುವಂತೆ ಮಾಡಿ, ಅಂಗಳದಲ್ಲಿ ಗೋಡೆಯ ಪಕ್ಕ ನಿಲ್ಲಿಸಿ. ಯಾರಾದರೂ ಹತ್ತಿರ ನಿಂತು ದಿನಾ ಹತ್ತಿಪ್ಪತ್ತು ನಿಮಿಷ ತುಳಿಸಿ. ಈ ರೋಗದಲ್ಲಿ ವ್ಯಾಯಾಮ ಮಾತ್ರೆಯಷ್ಟೇ ಮುಖ್ಯ. ಕುರ್ಚಿಯಲ್ಲಿ ಕೂರಿಸಿ ಸೇವೆ ಮಾಡುವುದು ಪ್ರೀತಿಯಂತೆ ಕಾಣುತ್ತದೆ, ಆದರೆ ಕಾಲನ್ನು ಬೇಗ ಕೆಡಿಸುತ್ತದೆ.

ಇನ್ನು ಮಾತ್ರೆ. ನೀವು ಹೆಸರು ಬರೆದಿಲ್ಲ, ಆದರೆ ದಿನಕ್ಕೆ ಮೂರು ಹೊತ್ತು ಎಂದರೆ ಲೆವೊಡೋಪಾ-ಕಾರ್ಬಿಡೋಪಾ ಇರಬಹುದು. ಚೀಟಿ ನೋಡಿ. ಅದರಲ್ಲಿನ ಲೆವೊಡೋಪಾ ಮಿದುಳಿಗೆ ಹೋಗಿ ಡೋಪಮಿನ್ ಆಗುವ ಔಷಧ, 1960ರ ದಶಕದಿಂದ ಬಳಕೆಯಲ್ಲಿದೆ, ಇವತ್ತಿಗೂ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಮಾತ್ರೆ ಬಂದಿಲ್ಲ. ಆದರೆ ಅದಕ್ಕೊಂದು ಚಾಳಿ ಇದೆ. ಬೇಳೆ, ಹಾಲು, ಮೊಸರು, ಮೊಟ್ಟೆ, ಮಾಂಸದ ಪ್ರೋಟೀನ್ ಜತೆ ಹೊಟ್ಟೆಗೆ ಹೋದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ರೊಟ್ಟಿ, ಬೇಳೆ, ಮೊಸರು ಉಂಡು ಮೇಲೆ ಮಾತ್ರೆ ನುಂಗಿಸುವುದು ನಮ್ಮ ಮನೆಗಳ ರೂಢಿ. ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದು ಗಂಟೆಗೂ ಮೇಲೆ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ. ಬೇಳೆ ಮೊಸರು ಪೂರಾ ಬಿಡಿಸಬೇಡಿ, ಸೊರಗುತ್ತಾರೆ. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಡುತ್ತಿದ್ದರೆ ಎರಡಕ್ಕೂ ಅಂತರ ಇರಲಿ.

ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಮಾತ್ರೆ ಎಷ್ಟು ಗಂಟೆಗೆ, ಊಟ ಎಷ್ಟಕ್ಕೆ, ಕಾಲು ಅಂಟಿದ್ದು ಎಷ್ಟಕ್ಕೆ. ಮುಂದಿನ ಮಾತ್ರೆಯ ಹೊತ್ತು ಹತ್ತಿರ ಬಂದಾಗಲೇ ಕಾಲು ಅಂಟುತ್ತಿದ್ದರೆ ಹಿಂದಿನ ಮಾತ್ರೆಯ ಗುಣ ಇಳಿದಿದೆ ಎಂದರ್ಥ, ಹೊತ್ತು ಅಥವಾ ಪ್ರಮಾಣ ಬದಲಿಸಿದರೆ ಸರಿಹೋಗಬಹುದು. ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತಿನಲ್ಲೂ ಅಂಟುತ್ತಿದ್ದರೆ ಲೆಕ್ಕ ಬೇರೆ, ಅಲ್ಲಿ ಪ್ರಮಾಣ ಏರಿಸಿದರೆ ಪ್ರಯೋಜನವಿಲ್ಲ, ಗೆರೆ ಮತ್ತು ತಾಳವೇ ಗತಿ. ಇವೆರಡರಲ್ಲಿ ಯಾವುದು ಎಂದು ಹತ್ತು ನಿಮಿಷದ ಭೇಟಿಯಲ್ಲಿ ಯಾವ ಡಾಕ್ಟರಿಗೂ ತಿಳಿಯಲಾಗದು. ಅವರೆದುರು ಮಾವ ನೆಟ್ಟಗೆ ನಡೆದುಬಿಟ್ಟಾರು! ಮನೆಯಲ್ಲಿ ಮಾಡಿದ ಒಂದು ನಿಮಿಷದ ವಿಡಿಯೊ ತೋರಿಸಿ. ನೀವಾಗಿಯೇ ಮಾತ್ರೆ ನಿಲ್ಲಿಸುವುದು ಮಾತ್ರ ಮಾಡಬೇಡಿ. ಈ ಔಷಧ ಒಮ್ಮೆಲೇ ನಿಂತರೆ ಜೀವಕ್ಕೇ ಅಪಾಯ.

ಮನೆಯಲ್ಲಿರುವ ಬೇರೆ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ಒಯ್ಯಿರಿ. ಗ್ಯಾಸ್, ಅಜೀರ್ಣ ಎಂದು ಕೊಡುವ ಕೆಲವು ಕ್ಯಾಪ್ಸೂಲುಗಳಲ್ಲಿ ಲೆವೊಸಲ್ಪಿರೈಡ್ ಇರುತ್ತದೆ. ತಲೆಸುತ್ತಿಗೆ ಸಿನ್ನಾರಿಜಿನ್, ವಾಂತಿಗೆ ಮೆಟೋಕ್ಲೋಪ್ರಮೈಡ್ ಕೊಡುವುದು ಮಾಮೂಲು. ಇವೆಲ್ಲ ಡೋಪಮಿನ್ ಕೆಲಸಕ್ಕೆ ಅಡ್ಡ ಬರುವಂಥವು. ಪಾರ್ಕಿನ್ಸನ್ ಇಲ್ಲದವರಿಗೂ ಪಾರ್ಕಿನ್ಸನ್ನಿನಂಥ ನಡಿಗೆ ತರಬಲ್ಲವು, ಇರುವವರಿಗೆ ಹೆಚ್ಚಿಸುತ್ತವೆ. ನಾಟಿ ಪುಡಿಯ ವಿಷಯವನ್ನೂ ಮುಚ್ಚಿಡಬೇಡಿ. ಕಂಪವಾತಕ್ಕೆಂದು ಆಯುರ್ವೇದದಲ್ಲಿ ಕೊಡುವ ನಸುಗುನ್ನಿ ಬೀಜದಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ. 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೋರಿಸಿದ್ದರು. ಅದು ಒಳ್ಳೆಯ ಮದ್ದೋ ಅಲ್ಲವೋ ಎಂಬ ಜಗಳ ಬೇಡ. ಪುಡಿಯಲ್ಲಿ ಎಷ್ಟಿದೆ ಎಂದು ತಿಳಿಯದೆ ಮಾತ್ರೆಯ ಮೇಲೆ ಅದನ್ನೂ ಕೊಟ್ಟರೆ ಲೆಕ್ಕ ತಪ್ಪುತ್ತದೆ.

ಗಣಿಯ ಮಾತಿಗೆ ಬರುತ್ತೇನೆ. ಪತ್ರದಲ್ಲಿ ನೀವು ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ಡಾಕ್ಟರ ಮುಂದೆ ಹಾಗೆ ಮಾಡಬೇಡಿ. ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಜತೆ ಮ್ಯಾಂಗನೀಸ್ ಅದಿರೂ ಇದೆ. ಮ್ಯಾಂಗನೀಸ್ ದೂಳು ವರ್ಷಗಟ್ಟಲೆ ಉಸಿರಿನೊಂದಿಗೆ ಒಳಗೆ ಹೋದರೆ ಮಿದುಳಿಗೆ ಹಾನಿ ಮಾಡಬಲ್ಲದು. 1837ರಷ್ಟು ಹಿಂದೆಯೇ ಗ್ಲಾಸ್ಗೋದಲ್ಲಿ ಜಾನ್ ಕೂಪರ್ ಎಂಬ ವೈದ್ಯರು ಈ ಅದಿರು ಬೀಸುತ್ತಿದ್ದ ಕಾರ್ಮಿಕರ ಕಾಲು ಸೋತದ್ದನ್ನು ದಾಖಲಿಸಿದ್ದರು. ಅದು ಪಾರ್ಕಿನ್ಸನ್‌ಗೆ ಹೋಲುತ್ತದೆ, ಆದರೆ ಬೇರೆ. ಅದರಲ್ಲಿ ನಡುಕ ಅಷ್ಟಾಗಿ ಇರುವುದಿಲ್ಲ, ಹುಂಜದಂತೆ ತುದಿಗಾಲಿನ ನಡಿಗೆ ಬರುವುದುಂಟು, ಹಿಂದಕ್ಕೆ ಬೀಳುತ್ತಾರೆ, ಲೆವೊಡೋಪಾಕ್ಕೆ ಬಗ್ಗುವುದು ಕಡಿಮೆ. ನಿಮ್ಮ ಮಾವನವರಿಗೆ ಒಂದೇ ಕಡೆಯ ಕೈ ನಡುಕದಿಂದ ಶುರುವಾಗಿ ಮಾತ್ರೆಗೆ ಗುಣ ಕಂಡಿದೆ, ಹಾಗಾಗಿ ಪಾರ್ಕಿನ್ಸನ್ ಎಂಬ ಮಾತೇ ಸರಿ ಕಾಣುತ್ತದೆ. ತೀರ್ಮಾನ ಡಾಕ್ಟರದು. ಯಾವ ವರ್ಷ, ಯಾವ ಕೆಲಸ, ದೂಳು ಎಷ್ಟು ಎಂದು ಮಾವನವರನ್ನೇ ಕೇಳಿ ಬರೆದುಕೊಳ್ಳಿ. ಮೆಣಸಿನ ಹೊಲಕ್ಕೆ ಎಣ್ಣೆ ಹೊಡೆಯುವ ಕೆಲಸ ಇನ್ನು ಅವರಿಗೆ ಬೇಡ. ಪ್ಯಾರಾಕ್ವಾಟ್‌ನಂಥ ಕಳೆನಾಶಕ ಬಳಸಿದ ಕೃಷಿಕರಲ್ಲಿ ಪಾರ್ಕಿನ್ಸನ್ ಹೆಚ್ಚು ಎಂದು ಅಮೆರಿಕದ ಅಧ್ಯಯನಗಳು ಹೇಳಿವೆ. ನಿಮ್ಮ ಯಜಮಾನರೂ ಮೂಗಿಗೆ ಬಾಯಿಗೆ ಬಟ್ಟೆಯಷ್ಟೇ ಕಟ್ಟಿ ಹೊಡೆಯುತ್ತಿದ್ದರೆ ಸಾಲದು, ಕೈಗವಸು, ಸರಿಯಾದ ಮಾಸ್ಕ್ ಬೇಕು.

ಬಿದ್ದದ್ದು ಎಳೆದದ್ದಕ್ಕೆ ಎಂದಿದ್ದೀರಿ. ಮುಂದೆ ತಾವಾಗಿಯೇ ಬಿದ್ದರೆ, ಅದರಲ್ಲೂ ಹಿಂದಕ್ಕೆ ಬಿದ್ದರೆ, ಇಲ್ಲವೇ ಎದ್ದು ನಿಂತ ಕೂಡಲೇ ಕಣ್ಣಿಗೆ ಕತ್ತಲೆ ಬಂದರೆ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿಸಿ. ಈ ರೋಗದಲ್ಲೂ ಇದರ ಮಾತ್ರೆಯಲ್ಲೂ ನಿಂತಾಗ ಬಿಪಿ ಇಳಿಯುತ್ತದೆ. ಮೂತ್ರ ತಡೆಯಲಾಗದೆ ಹೋಗಿ, ಮರೆವೂ ಜೊತೆಗೆ ಬಂದರೆ ಮಿದುಳಿನ ಸ್ಕ್ಯಾನ್ ಬೇಕಾಗಬಹುದು. ಬಳ್ಳಾರಿಯಲ್ಲಿ ವಿಮ್ಸ್ ಆಸ್ಪತ್ರೆ ಇದೆ. ಈಗ ಬಿಎಂಸಿಆರ್‌ಸಿ ಎಂದು ಹೆಸರು ಬದಲಾದರೂ ಎಲ್ಲರೂ ವಿಮ್ಸ್ ಎಂದೇ ಕರೆಯುವುದು. ಅಲ್ಲಿ ಫಿಸಿಯೊಥೆರಪಿಯವರನ್ನೂ ಕಾಣಿ. ಅಗತ್ಯ ಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದ್ದೇ ಇದೆ. ಮಿದುಳಿಗೆ ತಂತಿ ಇಡುವ ಆಪರೇಷನ್ ಮಾಡಿಸಿ ಎಂದು ಯಾರಾದರೂ ಹೇಳಿದರೆ ಹೊಲ ಮಾರಲು ಓಡಬೇಡಿ. ಮಾತ್ರೆಗೆ ಬಗ್ಗದ ಕಾಲಂಟು ಸಾಮಾನ್ಯವಾಗಿ ಆ ಆಪರೇಷನ್‌ಗೂ ಬಗ್ಗುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಪಾರ್ಕಿನ್ಸನ್ ಕೂಡ ಇದೆ, ಇದು ಬಹಳ ಮಂದಿಗೆ ಗೊತ್ತಿಲ್ಲ. ಶೇ 40 ಅಥವಾ ಹೆಚ್ಚು ಎಂದು ವೈದ್ಯರು ಪ್ರಮಾಣಪತ್ರ ಕೊಟ್ಟರೆ ಯುಡಿಐಡಿ ಕಾರ್ಡಿನ ಮೇಲೆ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಈಗಲೇ ಅಷ್ಟು ಆಗಿರಲಿಕ್ಕಿಲ್ಲ, ತಿಳಿದಿರಲಿ.

ಇನ್ನು ಆ ಗಂಟು ಮುಖ. ತಂಗಿ, ಅದು ನಿಮ್ಮ ಮೇಲಿನ ಸಿಟ್ಟಲ್ಲ. ಕಾಲಿನ ಚಲನೆ ಕುಗ್ಗಿದ ಹಾಗೆಯೇ ಮುಖದ ಸ್ನಾಯುಗಳದ್ದೂ ಕುಗ್ಗುತ್ತದೆ. ನಗು ಮನಸ್ಸಿನಲ್ಲಿದ್ದರೂ ಮುಖಕ್ಕೆ ಬರುವುದಿಲ್ಲ, ಕಣ್ಣೆವೆ ಬಡಿಯುವುದೂ ಕಡಿಮೆ. ದನಿ ಸಣ್ಣದಾಗುತ್ತದೆ, ಅಕ್ಷರ ಸಣ್ಣದಾಗುತ್ತದೆ. ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲ ಎಂದು ವಾಪಸ್ ಕಳಿಸಿದ್ದರೆ ಅದಕ್ಕೂ ಇದೇ ಕಾರಣ. ಆದರೆ ನಿಜವಾದ ಖಿನ್ನತೆಯೂ ಈ ರೋಗದ ಜತೆ ಬರುತ್ತದೆ. ಕಟ್ಟೆಗೆ ಹೋಗುವುದು ಬಿಟ್ಟಿದ್ದಾರೆಯೆ, ಊಟ ನಿದ್ದೆ ಹೇಗಿದೆ, ಬದುಕು ಬೇಸರ ಎನ್ನುತ್ತಾರೆಯೆ ಎಂದು ಗಮನಿಸಿ ಡಾಕ್ಟರಿಗೆ ಹೇಳಿ. ಅದಕ್ಕೆ ಔಷಧ ಇದೆ. ಮುಖ ನೋಡಿ ಊಹಿಸುವುದು ಬಿಟ್ಟು ಬಾಯಿಬಿಟ್ಟು ಕೇಳಿ. ಉತ್ತರ ತಡವಾಗಿ ಬರುತ್ತದೆ, ಕಾಯಬೇಕು.

ಈ ರೋಗ ನಿಮ್ಮ ಮನೆಗೊಂದಕ್ಕೇ ಬಂದದ್ದಲ್ಲ. ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ನೋಡಿದ ಸಮೀಕ್ಷೆಯೊಂದು 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಲಕ್ಷಕ್ಕೆ 33 ಮಂದಿಗೆ ಈ ರೋಗ ಕಂಡಿತ್ತು. ವಯಸ್ಸಾದಂತೆ ಹೆಚ್ಚುವ ರೋಗ ಇದು, ವಯಸ್ಸಾದವರು ಹೆಚ್ಚಿದಂತೆ ಸಂಖ್ಯೆಯೂ ಏರುತ್ತದೆ. ನಿಮ್ಮ ಓಣಿಯಲ್ಲಿ ಚಪ್ಪಲಿ ಎಳೆದುಕೊಂಡು ನಡೆಯುವ ಇನ್ನೊಬ್ಬರು ಇದ್ದಾರು, ಅವರನ್ನೂ "ವಯಸ್ಸಾಯ್ತು" ಎಂದು ಬಿಟ್ಟಿದ್ದಾರು.

ಕೊನೆಗೆ, ಈ ಉತ್ತರವನ್ನು ನಿಮ್ಮ ಯಜಮಾನರಿಗೂ ಓದಲು ಕೊಡಿ. ಸಂಜೆ ಅರ್ಧ ಗಂಟೆ ತಂದೆಯನ್ನು ನಡೆಸುವ ಕೆಲಸ ಅವರದಾಗಲಿ. ಸೊಸೆಯೊಬ್ಬಳೇ ಹೊರುವ ಭಾರವಲ್ಲ ಇದು. ತಮ್ಮಾ, ತಂದೆಯ ಕೈ ಎಳೆಯುವುದು ಬಿಟ್ಟು ನಿಮ್ಮ ಪಾದ ಅಡ್ಡ ಇಟ್ಟು ನೋಡಿ. ದಾಟಿ ಬರುತ್ತಾರೆ.